ಒಂದೇ ಎನ್ನುವ ಮುನ್ನ

ನನ್ನ ಕೆಲಸ ಏನೆಂದು ಊರಲ್ಲಿ ಯಾರಾದರೂ ಕೇಳಿದರೆ 'ಸಾಫ್ಟ್‌ವೇರ್' ಅಂದುಬಿಡುತ್ತೇನೆ. ಮಾತು ಅಲ್ಲಿಗೆ ನಿಲ್ಲುತ್ತದೆ, ಇಬ್ಬರಿಗೂ ಅನುಕೂಲ. ನಿಜವಾಗಿ ನಾನು ಮಾಡುವುದು ಹೆಸರು ಹೊಂದಿಸುವ ಕೆಲಸ. ಪುಣೆಯ ಆಫೀಸಿನಲ್ಲಿ ಕೂತು, ಮಹಾರಾಷ್ಟ್ರದ ಮತ್ತು ಉತ್ತರ ಕರ್ನಾಟಕದ ಲ್ಯಾಬುಗಳು ತಮ್ಮ ತಮ್ಮ ರೂಢಿಯಂತೆ ಇಟ್ಟುಕೊಂಡಿರುವ ಪರೀಕ್ಷೆಗಳ ಹೆಸರುಗಳನ್ನು ಒಂದು ಅಂತರರಾಷ್ಟ್ರೀಯ ಪಟ್ಟಿಯ ಸಂಖ್ಯೆಗಳಿಗೆ ಜೋಡಿಸುತ್ತೇನೆ. ಒಬ್ಬರು 'ಎಚ್‌ಬಿ' ಎನ್ನುತ್ತಾರೆ, ಇನ್ನೊಬ್ಬರು 'ಹಿಮೋಗ್ಲೋಬಿನ್' ಎನ್ನುತ್ತಾರೆ, ಎರಡಕ್ಕೂ 718-7. ಎಕ್ಸೆಲ್ ಶೀಟಿನಲ್ಲಿ ದಿನಕ್ಕೆ ಇಂಥ ಇನ್ನೂರು ಮುನ್ನೂರು ಸಾಲು ಮುಗಿಸಬೇಕು. ಎಷ್ಟು ಪ್ರತಿಶತ ಸಾಲಿಗೆ ಸಂಖ್ಯೆ ಬಿತ್ತು ಎಂಬುದರ ಮೇಲೆ ತಿಂಗಳ ಕೊನೆಗೆ ನಮ್ಮ ಲೆಕ್ಕ.

ಒಂದು ದಿನ ಮೂರು ಲ್ಯಾಬುಗಳಿಂದ ಮೂರು ಸಾಲು ಬಂದವು. 'ಎಲ್‌ಎ', 'ಲೂಪಸ್', 'ಡಿಆರ್‌ವಿವಿಟಿ'. ಮೂರನೆಯದು ನಿರ್ದಿಷ್ಟವಾದ ಒಂದು ವಿಧಾನದ ಹೆಸರು. ಮೊದಲೆರಡರಲ್ಲಿ ವಿಧಾನದ ಸುಳಿವೇ ಇರಲಿಲ್ಲ. ಬಹಳ ಲ್ಯಾಬುಗಳು ಮಾಡುವುದು ಅದನ್ನೇ ತಾನೆ ಎಂದು ಮೂರಕ್ಕೂ ಒಂದೇ ಸಂಖ್ಯೆ ಬರೆದು ಮುಂದೆ ಹೋದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಇದು ನೆನಪಾದದ್ದು ಎಷ್ಟೋ ತಿಂಗಳ ಮೇಲೆ, ಚಿಕ್ಕಮ್ಮನ ಮಗಳು ಒಂದು ಫೈಲು ಹಿಡಿದುಕೊಂಡು ನಮ್ಮ ಮನೆಗೆ ಬಂದಾಗ.

ಅವಳು ಮದುವೆಯಾಗಿ ಪುಣೆಗೆ ಬಂದವಳು. ಹೋದ ವರ್ಷ ನಾಲ್ಕನೇ ತಿಂಗಳಲ್ಲಿ ಹೊಟ್ಟೆಯ ಕೂಸು ಹೋಯಿತು. ಸುಧಾರಿಸಿಕೊಳ್ಳಲು ತವರಿಗೆ ಹೋಗಿದ್ದಾಗ ಹುಬ್ಬಳ್ಳಿಯ ಡಾಕ್ಟರು ಕೆಲವು ರಕ್ತಪರೀಕ್ಷೆ ಬರೆದುಕೊಟ್ಟರು. 'ಎಲ್‌ಎ: 1.4, ಪಾಸಿಟಿವ್' ಎಂದು ರಿಪೋರ್ಟು ಬಂತು. ಇದೊಂದರಿಂದ ಏನೂ ಹೇಳಲಾಗದು, 12 ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ ಎಂದರು. ಅಷ್ಟರಲ್ಲಿ ಅವಳು ಪುಣೆಗೆ ಮರಳಿದ್ದಳು, ಎರಡನೆಯದನ್ನು ಇಲ್ಲೇ ಮಾಡಿಸಿದಳು. 'ಲೂಪಸ್ ಆಂಟಿಕೋಆಗ್ಯುಲಂಟ್: ಕಂಡುಬಂದಿಲ್ಲ.' ಹುಬ್ಬಳ್ಳಿಯ ಫಲಿತಾಂಶವೂ ಇಲ್ಲಿಯ ಆಸ್ಪತ್ರೆಯ ಆ್ಯಪ್‌ಗೆ ಬಂದು ಸೇರಿತ್ತು. ಎರಡೂ ಒಂದೇ ತಲೆಬರಹದ ಕೆಳಗೆ, ಒಂದರ ಕೆಳಗೊಂದು. ಮೊದಲು ಇತ್ತು, ಈಗ ಇಲ್ಲ. ಪರದೆ ನೋಡಿದ ಕಿರಿಯ ಡಾಕ್ಟರು, ಸೋಂಕು ಗೀಂಕು ಆದಾಗ ಹೀಗೆ ಬಂದು ಹೋಗುವುದುಂಟು, ಇನ್ನು ಚಿಂತೆ ಬೇಡ ಎಂದರಂತೆ.

ಅವಳಿಗೆ ಸಮಾಧಾನ ಆಗಿರಲಿಲ್ಲ. "ಅಣ್ಣಾ, ನೀ ಇದಽ ಕೆಲಸ ಮಾಡ್ತೀ ಅಲಾ. ಈ ಎರಡೂ ಟೆಸ್ಟ್ ಒಂದಽ ಏನು?" ಎಂದು ಕೇಳಿದಳು.

ಪುಣೆಯ ರಿಪೋರ್ಟಿನ ಕೆಳಗೆ ಸಣ್ಣಕ್ಷರದಲ್ಲಿ 'ಸಿಲಿಕಾ ಕ್ಲಾಟಿಂಗ್ ಟೈಮ್' ಎಂದಿತ್ತು. ಹುಬ್ಬಳ್ಳಿಯದರಲ್ಲಿ ವಿಧಾನದ ಹೆಸರೇ ಇರಲಿಲ್ಲ. ಆ ಆ್ಯಪ್ ನಮ್ಮ ಕಂಪನಿಯದಲ್ಲ, ಆ ಸಾಲು ಹೊಂದಿಸಿದವನು ನಾನಲ್ಲ. ಆದರೆ ನನ್ನಂಥವನೊಬ್ಬ ಎಲ್ಲೋ ಕೂತು, ಒಂದು ನಿಮಿಷವೂ ತೆಗೆದುಕೊಳ್ಳದೆ ಬರೆದದ್ದು ಅದು ಎಂಬುದು ನನಗೆ ಕಂಡ ಹಾಗೆ ಮನೆಯಲ್ಲಿ ಬೇರೆ ಯಾರಿಗೂ ಕಾಣಲಿಲ್ಲ.

ಈ ಪರೀಕ್ಷೆಯ ಹೆಸರೇ ಒಂದು ತಪ್ಪುಗಳ ಗಂಟು. 1952ರಲ್ಲಿ ಕಾನ್ಲಿ ಮತ್ತು ಹಾರ್ಟ್‌ಮನ್ ಎಂಬ ಅಮೆರಿಕದ ವೈದ್ಯರು ಲೂಪಸ್ ರೋಗದ ಇಬ್ಬರಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಏನೋ ಒಂದಿದೆ ಎಂದು ಬರೆದರು. 1972ರಲ್ಲಿ ಫೈನ್‌ಸ್ಟೈನ್ ಮತ್ತು ರಾಪಾಪೋರ್ಟ್ ಅದಕ್ಕೆ 'ಲೂಪಸ್ ಆಂಟಿಕೋಆಗ್ಯುಲಂಟ್' ಎಂದು ಹೆಸರಿಟ್ಟರು, ಅದೇ ನಿಂತಿತು. ಇದು ಇರುವ ಬಹಳ ಜನರಿಗೆ ಲೂಪಸ್ ಇರುವುದಿಲ್ಲ. ಅದಕ್ಕಿಂತ ವಿಚಿತ್ರವೆಂದರೆ ಇದು ರಕ್ತವನ್ನು ತಡೆಯುವುದು ಗಾಜಿನ ನಳಿಕೆಯಲ್ಲಿ ಮಾತ್ರ. ದೇಹದೊಳಗೆ ಇದು ಇರುವವರಿಗೆ ಹೆಪ್ಪುಗಟ್ಟುವ ಅಪಾಯವೇ ಹೆಚ್ಚು: ಕಾಲಿನ ರಕ್ತನಾಳದಲ್ಲಿ, ಶ್ವಾಸಕೋಶದಲ್ಲಿ, ಮಿದುಳಿನಲ್ಲಿ. ಗರ್ಭ ನಿಲ್ಲದೆ ಹೋಗುವ ಅಪಾಯವೂ ಇದೆ. ಹೆಸರು ಒಂದು ದಿಕ್ಕಿಗೆ ಕೈ ತೋರಿಸುತ್ತದೆ, ರೋಗ ಇನ್ನೊಂದು ದಿಕ್ಕಿಗೆ ನಡೆಯುತ್ತದೆ. 'ಆಂಟಿಕೋಆಗ್ಯುಲಂಟ್ ಅಂದರ ರಕ್ತ ತೆಳ್ಳಗ ಆಗೇತಿ ಅಂತಲ್ಲೇನು' ಎಂದು ಚಿಕ್ಕಮ್ಮ ಫೋನಿನಲ್ಲಿ ಕೇಳಿದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಮಗಳಿಗೆ ಕಬ್ಬಿಣದ ಅಂಶ ಇರುವ ಸೊಪ್ಪು ತಿನ್ನಿಸುತ್ತಿದ್ದರು.

ನಳಿಕೆಯಲ್ಲಿ ನಡೆಯುವುದು ಹೀಗೆ. ರಕ್ತದಿಂದ ಕಣಗಳನ್ನು ಬೇರ್ಪಡಿಸಿದ ಪ್ಲಾಸ್ಮಾಕ್ಕೆ ಹೆಪ್ಪುಗಟ್ಟಿಸುವ ಒಂದು ಪ್ರಚೋದಕ ಹಾಕಿ, ಎಷ್ಟು ಸೆಕೆಂಡಿನಲ್ಲಿ ಗಟ್ಟಿಯಾಗುತ್ತದೆ ಎಂದು ಅಳೆಯುತ್ತಾರೆ. ಈ ಕ್ರಿಯೆಗೆ ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಮೇಲ್ಮೈ ಬೇಕು. ಅದನ್ನು ಬೇಕೆಂದೇ ಸ್ವಲ್ಪವೇ ಹಾಕಿರುತ್ತಾರೆ. ರಕ್ತದಲ್ಲಿ ಈ ಪ್ರತಿಕಾಯ ಇದ್ದರೆ ಅದು ಆ ಮೇಲ್ಮೈಯನ್ನು ಆಕ್ರಮಿಸಿಕೊಂಡು ಗಡಿಯಾರ ನಿಧಾನವಾಗುತ್ತದೆ. ಆಮೇಲೆ ಆರೋಗ್ಯವಂತರ ಪ್ಲಾಸ್ಮಾ ಬೆರೆಸಿ ನೋಡುತ್ತಾರೆ. ರೋಗಿಯಲ್ಲಿ ಯಾವುದೋ ಅಂಶದ ಕೊರತೆಯಷ್ಟೇ ಇದ್ದರೆ ಸಮಯ ಸರಿಹೋಗಬೇಕು, ತಡೆಗೋಡೆ ಇದ್ದರೆ ಸರಿಹೋಗದು. ಕೊನೆಗೆ ಫಾಸ್ಫೋಲಿಪಿಡ್ಡನ್ನು ಧಾರಾಳವಾಗಿ ಸುರಿದಾಗ ಸಮಯ ಇಳಿದರೆ, ಇದು ಅದೇ ಎಂದು ಖಾತ್ರಿ.

ಪ್ರಚೋದಕ ಯಾವುದು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಒಂದು ದಾರಿಯಲ್ಲಿ ಸಿಲಿಕಾ, ಅಂದರೆ ಹೆಚ್ಚು ಕಡಿಮೆ ಮರಳಿನ ಪುಡಿ. ಇನ್ನೊಂದರಲ್ಲಿ ನಮ್ಮ ಹೊಲದ ಬದುಗಳಲ್ಲಿ ಬುಸುಗುಡುವ ಕೊಳಕುಮಂಡಲ ಹಾವಿನ ವಿಷ. 'ಡಿಆರ್‌ವಿವಿಟಿ' ಎಂಬ ಉದ್ದದ ಹೆಸರಿನ ನಡುವೆ ಕೂತಿರುವ ರಸೆಲ್, ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಪ್ಯಾಟ್ರಿಕ್ ರಸೆಲ್. ಕೋರಮಂಡಲ ಕರಾವಳಿಯ ಹಾವುಗಳ ಬಗ್ಗೆ 1796ರಲ್ಲಿ ಪುಸ್ತಕ ಬಂದದ್ದು ಅವನದು. ಕಚ್ಚಿದರೆ ಹೆಪ್ಪುಗಟ್ಟುವ ಅಂಶಗಳೆಲ್ಲ ಖರ್ಚಾಗಿ ರಕ್ತ ನಿಲ್ಲದಂತೆ ಮಾಡುವ ಆ ವಿಷವನ್ನೇ 1934ರಲ್ಲಿ ಮ್ಯಾಕ್‌ಫಾರ್ಲೇನ್ ಮತ್ತು ಬಾರ್ನೆಟ್ ಲಂಡನ್ನಿನಲ್ಲಿ ಹೀಮೋಫಿಲಿಯಾ ರೋಗಿಗಳ ಗಾಯದ ರಕ್ತ ನಿಲ್ಲಿಸಲು ಬಳಸಿದರು. 1986ರಲ್ಲಿ ತ್ಯಾಗರಾಜನ್, ಪೆಂಗೊ ಮತ್ತು ಶಪಿರೊ ಅದನ್ನು ತೆಳು ಮಾಡಿ ಲೂಪಸ್ ಪರೀಕ್ಷೆಗೆ ತಂದರು. ವಿಷ ಹತ್ತನೇ ಅಂಶವನ್ನು ನೇರವಾಗಿ ಎಬ್ಬಿಸುತ್ತದೆ. ಸಿಲಿಕಾ ಬಹಳ ಹಿಂದಿನಿಂದ, ಹನ್ನೆರಡನೇ ಅಂಶದಿಂದ ಸುತ್ತಿ ಬರುತ್ತದೆ. ಎರಡೂ ಕೊನೆಗೆ ಸೇರುವುದು ಒಂದೇ ಊರಿಗೆ, ಬರುವ ರಸ್ತೆ ಬೇರೆ. ಒಬ್ಬರ ರಕ್ತದಲ್ಲಿರುವ ಪ್ರತಿಕಾಯ ಒಂದು ರಸ್ತೆಯಲ್ಲಿ ಸಿಕ್ಕಿ ಇನ್ನೊಂದರಲ್ಲಿ ತಪ್ಪಿಸಿಕೊಳ್ಳಬಹುದು. ಆದ್ದರಿಂದಲೇ ರಕ್ತ ಹೆಪ್ಪುಗಟ್ಟುವಿಕೆಯ ತಜ್ಞರ ಅಂತರರಾಷ್ಟ್ರೀಯ ಸಂಘ 2009ರಲ್ಲೂ 2020ರಲ್ಲೂ ಎರಡೂ ರಸ್ತೆ ನೋಡಿ ಎಂದಿದೆ. ಯಾವುದಾದರೂ ಒಂದರಲ್ಲಿ ಸಿಕ್ಕರೂ ಸಿಕ್ಕಂತೆಯೇ.

ಅಂದರೆ ಚಿಕ್ಕಮ್ಮನ ಮಗಳ ಎರಡು ರಿಪೋರ್ಟುಗಳು ಒಂದನ್ನೊಂದು ಸುಳ್ಳು ಮಾಡುತ್ತಿರಲಿಲ್ಲ. ಅವು ಬೇರೆ ಬೇರೆ ಪ್ರಶ್ನೆಗೆ ಕೊಟ್ಟ ಉತ್ತರಗಳಿರಬಹುದಿತ್ತು. ತಲೆಬರಹ ಒಂದೇ ಆದದ್ದರಿಂದ ಒಂದೇ ಪ್ರಶ್ನೆಯ ಎರಡು ಉತ್ತರದಂತೆ ಕಂಡವು.

ಈ ರೋಗನಿರ್ಣಯ ನಿಂತಿರುವುದೇ 'ಅದೇ ಪರೀಕ್ಷೆ ಮತ್ತೊಮ್ಮೆ' ಎಂಬ ಮಾತಿನ ಮೇಲೆ ಎನ್ನುವುದು ನನ್ನನ್ನು ಬಹಳ ದಿನ ಕಾಡಿತು. ಸಕ್ಕರೆ ಕಾಯಿಲೆಯಲ್ಲಿ ಒಂದು ಸಂಖ್ಯೆ ಏರಿದರೂ ಇಳಿದರೂ ದಾರಿ ಇದೆ. ಇಲ್ಲಿ ಕನಿಷ್ಠ 12 ವಾರಗಳ ಅಂತರದಲ್ಲಿ ಎರಡು ಸಲ ಸಿಕ್ಕರೆ ಹೌದು, ಇಲ್ಲದಿದ್ದರೆ ಇಲ್ಲ. ಹೌದಾದರೆ, ಒಮ್ಮೆ ರಕ್ತ ಹೆಪ್ಪುಗಟ್ಟಿದವರಿಗೆ ಬಹುಪಾಲು ಬದುಕಿಡೀ ವಾರ್ಫರಿನ್. ಇವಳಂಥವರಿಗೆ ಮುಂದಿನ ಬಸಿರಿನಲ್ಲಿ ಆಸ್ಪಿರಿನ್, ದಿನವೂ ಹೆಪಾರಿನ್ ಚುಚ್ಚುಮದ್ದು. ಇಲ್ಲವೆಂದರೆ ಏನೂ ಇಲ್ಲದೆ ಇನ್ನೊಂದು ಬಸಿರು. ನಡುವಿನ ಆ 12 ವಾರಗಳಲ್ಲಿ ನಮ್ಮಂಥವರು ಊರು ಬದಲಿಸುತ್ತೇವೆ. ಬಾಣಂತನಕ್ಕೆ, ನೌಕರಿಗೆ, ಮನೆ ಬಾಡಿಗೆ ಏರಿದ್ದಕ್ಕೆ. ಒಂದೇ ಊರಲ್ಲಿ ಒಂದೇ ಲ್ಯಾಬಿಗೆ ಹೋಗುವವರಿಗೆ ಸಂಖ್ಯೆಗಳ ಪಟ್ಟಿ ಅಷ್ಟಾಗಿ ಬೇಕಿಲ್ಲ. ಅಲ್ಲಿಯ ಕಾಂಪೌಂಡರಿಗೇ ಗೊತ್ತಿರುತ್ತದೆ. ಅದು ಬೇಕಿರುವುದು ಫೈಲು ಹೊತ್ತು ತಿರುಗುವವರಿಗೆ.

ಆ ಪಟ್ಟಿಯ ಹೆಸರು ಲಾಯಿಂಕ್. 1994ರಲ್ಲಿ ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಇನ್‌ಸ್ಟಿಟ್ಯೂಟ್‌ನಲ್ಲಿ ಕ್ಲೆಮ್ ಮೆಕ್‌ಡೊನಾಲ್ಡ್ ಎಂಬ ವೈದ್ಯರ ಮುಂದಾಳತ್ವದಲ್ಲಿ ಶುರುವಾಯಿತು. ಯಾರು ಬೇಕಾದರೂ ದುಡ್ಡಿಲ್ಲದೆ ಬಳಸಬಹುದು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡದಲ್ಲೂ ಲ್ಯಾಬ್ ಪರೀಕ್ಷೆಗಳಿಗೆ ಇದನ್ನೇ ಹೇಳಿದೆ. ಪ್ರತಿ ಸಂಖ್ಯೆಯ ಹಿಂದೆ ಆರು ಪ್ರಶ್ನೆಗಳಿವೆ. ಏನನ್ನು ಅಳೆದಿರಿ, ಅದರ ಯಾವ ಗುಣವನ್ನು, ಒಂದು ಗಳಿಗೆಯದೋ ಒಂದು ಅವಧಿಯದೋ, ಯಾವ ದ್ರವದಲ್ಲಿ, ಉತ್ತರ ಅಂಕಿಯೋ ಹೌದು-ಇಲ್ಲವೋ, ಯಾವ ವಿಧಾನದಿಂದ. ಒಂದು ಉತ್ತರ ಬದಲಾದರೂ ಸಂಖ್ಯೆ ಬೇರೆ. ಹೈಫನ್ ಆದಮೇಲಿನ ಕೊನೆಯ ಅಂಕಿ, ಬರೆಯುವಾಗ ಕೈತಪ್ಪಿದರೆ ಹಿಡಿಯಲು ಇಟ್ಟ ಕಾವಲು. ಕೈತಪ್ಪನ್ನು ಅದು ಹಿಡಿಯುತ್ತದೆ, ಮನಸ್ಸಿನ ತಪ್ಪನ್ನಲ್ಲ.

ಆರು ಪ್ರಶ್ನೆಗಳನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಜೈನ ತಾರ್ಕಿಕರು. ಒಂದು ಮಡಕೆ 'ಇದೆ' ಎನ್ನಬೇಕಾದರೆ ಯಾವ ದ್ರವ್ಯದಿಂದ, ಯಾವ ಕ್ಷೇತ್ರದಲ್ಲಿ, ಯಾವ ಕಾಲದಲ್ಲಿ, ಯಾವ ಭಾವದಲ್ಲಿ ಎಂದು ಹೇಳಿಯೇ 'ಇದೆ' ಎನ್ನಬೇಕು ಎಂಬುದು ಅವರ ಹಟ. ಇವನ್ನು ಬಿಟ್ಟು 'ಇದೆ' ಎಂದಷ್ಟೇ ಹೇಳುವವನು ತನಗೆ ಗೊತ್ತಿರುವುದಕ್ಕಿಂತ ಹೆಚ್ಚು ಹೇಳುತ್ತಿದ್ದಾನೆ. ಕಾಲೇಜಿನಲ್ಲಿ ಇದನ್ನು ಕೂದಲು ಸೀಳುವ ಮಾತು ಎಂದು ನಕ್ಕಿದ್ದೆವು. ಈಗ ಸಂಬಳ ಬರುವುದೇ ಕೂದಲು ಸೀಳಿದ್ದಕ್ಕೆ. ಹೋಲಿಕೆಯನ್ನು ಬಹಳ ಎಳೆಯಬಾರದು, ಮೆಕ್‌ಡೊನಾಲ್ಡ್ ಶ್ರವಣಬೆಳಗೊಳಕ್ಕೆ ಬಂದು ಕಲಿತದ್ದಲ್ಲ. ಆದರೆ ಕಾಳಜಿ ಒಂದೇ ಜಾತಿಯದು.

ಒಂದೇ ಸಂಖ್ಯೆ ಬಿದ್ದ ಮಾತ್ರಕ್ಕೆ ಎರಡು ಫಲಿತಾಂಶಗಳನ್ನು ಪಕ್ಕಪಕ್ಕ ಇಡಬಹುದೇ? ಇದಕ್ಕೆ ಹತ್ತಿರದ ಇನ್ನೊಂದು ಪರೀಕ್ಷೆ ಪಾಠ ಹೇಳುತ್ತದೆ. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಮಾಡುವ ಪ್ರೋಥ್ರಾಂಬಿನ್ ಟೈಮ್‌ಗೆ 5902-2. ಅದರಲ್ಲಿ ಬಳಸುವ ಥ್ರಾಂಬೊಪ್ಲಾಸ್ಟಿನ್ ಒಂದು ಕಾಲಕ್ಕೆ ಮೊಲದ ಮಿದುಳಿನದು, ಕೆಲವೆಡೆ ಮನುಷ್ಯನ ಮಿದುಳಿನದು, ಒಂದೊಂದರ ಚುರುಕು ಒಂದೊಂದು ಬಗೆ. ಅಮೆರಿಕದಲ್ಲಿ ಚುರುಕು ಕಡಿಮೆ ಇದ್ದದ್ದನ್ನು ಬಳಸುತ್ತಿದ್ದರಿಂದ, ಪುಸ್ತಕದಲ್ಲಿ ಹೇಳಿದ ಅದೇ ಅನುಪಾತ ಮುಟ್ಟಿಸಲು ಅಲ್ಲಿಯ ರೋಗಿಗಳಿಗೆ ಹೆಚ್ಚು ಔಷಧಿ ಹೋಗಿ ರಕ್ತಸ್ರಾವ ಹೆಚ್ಚಾಯಿತು. 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐಎನ್‌ಆರ್ ಎಂಬ ತಿದ್ದುಪಡಿಯ ಲೆಕ್ಕ ತಂದಿತು. ಪ್ರತಿ ಥ್ರಾಂಬೊಪ್ಲಾಸ್ಟಿನ್‌ನ ಚುರುಕನ್ನು ಅಳೆದು, ಅದಕ್ಕೆ ತಕ್ಕಂತೆ ಅನುಪಾತವನ್ನು ಸರಿಪಡಿಸುವ ಲೆಕ್ಕ. ಐಎನ್‌ಆರ್‌ಗೆ ಬೇರೆ ಸಂಖ್ಯೆ, 6301-6. ಧಾರವಾಡದ 2.5 ಮತ್ತು ದೆಹಲಿಯ 2.5 ಹೆಚ್ಚು ಕಡಿಮೆ ಒಂದೇ ಎಂದು ಇದರಲ್ಲಿ ನಂಬಬಹುದು. 5902-2ರ ಸೆಕೆಂಡುಗಳನ್ನು ಹಾಗೆ ನಂಬಲಾಗದು, ಸಂಖ್ಯೆ ಒಂದೇ ಇದ್ದರೂ. ಸಂಖ್ಯೆ ಅಳತೆಯ ಹೆಸರನ್ನು ಒಂದು ಮಾಡುತ್ತದೆ. ಅಳತೆಯನ್ನೇ ಒಂದು ಮಾಡಲು ಬೇರೆ ಶ್ರಮ ಬೇಕು. ಊರಿಗೊಂದು ಸೇರು ಇದ್ದ ಕಾಲದಲ್ಲೂ ಎಲ್ಲರೂ 'ಸೇರು' ಅಂತಲೇ ಅನ್ನುತ್ತಿದ್ದರಲ್ಲ.

ಲೂಪಸ್ ಪರೀಕ್ಷೆಗೆ ಐಎನ್‌ಆರ್‌ನಂಥ ಭಾಗ್ಯ ಇನ್ನೂ ಬಂದಿಲ್ಲ. ಆರೋಗ್ಯವಂತರ ರಕ್ತ ಪರೀಕ್ಷಿಸಿ, 99ನೇ ಶತಾಂಶದಲ್ಲಿ ಗೆರೆ ಎಳೆಯಿರಿ ಎಂಬುದು ತಜ್ಞರ ಸಲಹೆ. ಅಂದರೆ ಏನೂ ಆಗದ ನೂರು ಜನರಲ್ಲಿ ಒಬ್ಬರು ಆ ಗೆರೆ ದಾಟಿಯೇ ದಾಟುತ್ತಾರೆ. ಇನ್ನೊಂದು ತೊಡಕು ಪ್ಲಾಸ್ಮಾದ್ದು. ಅದರಲ್ಲಿ ಪ್ಲೇಟ್‌ಲೆಟ್‌ಗಳು ಉಳಿದರೆ ಅವೇ ಫಾಸ್ಫೋಲಿಪಿಡ್ ಒದಗಿಸಿ ಪ್ರತಿಕಾಯವನ್ನು ಮುಚ್ಚಿಹಾಕುತ್ತವೆ. ಆದ್ದರಿಂದ ಎರಡು ಸಲ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಬೇಕು. ಲಾಯಿಂಕ್ ಸಂಖ್ಯೆಯ ಹಿಂದಿನ ವಿವರದಲ್ಲಿ 'ಪ್ಲೇಟ್‌ಲೆಟ್ ಕಡಿಮೆ ಇರುವ ಪ್ಲಾಸ್ಮಾ' ಎಂದಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಬಂದ ಸ್ಯಾಂಪಲನ್ನು ಹುಡುಗ ಎರಡು ಸಲ ತಿರುಗಿಸಿದನೋ ಒಂದೇ ಸಲವೋ, ಅದು ಅವನಿಗೆ ಗೊತ್ತು. ರೋಗಿ ಆಗ ವಾರ್ಫರಿನ್ನಿನಲ್ಲೋ ಹೆಪಾರಿನ್ನಿನಲ್ಲೋ ಇದ್ದರೆ ಫಲಿತಾಂಶವೇ ದಿಕ್ಕು ತಪ್ಪಬಹುದು. ಅದನ್ನೂ ಸಂಖ್ಯೆ ಹೇಳದು. ಯಾವ ಕಂಪನಿಯ ಕಿಟ್ ಎಂಬುದನ್ನೂ ಹೇಳದು. ಹೇಳಬೇಕೆಂದು ಮಾಡಿದ್ದೂ ಅಲ್ಲ.

ಇಷ್ಟೆಲ್ಲ ವ್ಯತ್ಯಾಸಗಳನ್ನು ಗೌರವಿಸುತ್ತ ಹೋದರೆ ಪ್ರತಿ ಲ್ಯಾಬಿಗೂ, ಪ್ರತಿ ಕಿಟ್ಟಿಗೂ, ಪ್ರತಿ ಮಧ್ಯಾಹ್ನಕ್ಕೂ ಒಂದೊಂದು ಸಂಖ್ಯೆ ಬೇಕಾಗುತ್ತದೆ. ಆಗ ಯಾವುದನ್ನೂ ಯಾವುದಕ್ಕೂ ಹೋಲಿಸಲಾಗದು, ಮತ್ತೆ ಊರಿಗೊಂದು ಸೇರು. ಎಲ್ಲೋ ಒಂದು ಕಡೆ 'ಈ ವ್ಯತ್ಯಾಸ ಲೆಕ್ಕಕ್ಕಿಲ್ಲ' ಎಂದು ಯಾರೋ ತೀರ್ಮಾನಿಸಲೇಬೇಕು. 'ಒಂದೇ' ಎಂಬುದು ವಸ್ತುಗಳಲ್ಲಿ ಮೊದಲೇ ಇದ್ದು ನಾವು ಕಂಡುಹಿಡಿಯುವ ಸಂಗತಿ ಎಂದು ನಾನು ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಅದು ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ತೆಗೆದುಕೊಳ್ಳುವ ನಿರ್ಧಾರ. ತೆಗೆದುಕೊಂಡವನು ಊಟಕ್ಕೆ ಹೋಗುತ್ತಾನೆ, ಫಲ ಉಣ್ಣುವವರು ಬೇರೆ.

ಎರಡು ಬಗೆಯಲ್ಲಿ ತಪ್ಪಬಹುದು, ಎರಡರ ತೂಕ ಒಂದಲ್ಲ. ಒಂದೇ ಆಗಿರುವುದನ್ನು ನಾನು ಬೇರೆ ಎಂದು ಬರೆದರೆ ಡಾಕ್ಟರಿಗೆ ಎರಡು ಸಾಲು ಕಾಣುತ್ತದೆ. ಅವರು ಗೊಣಗುತ್ತಾರೆ, ಲ್ಯಾಬಿಗೆ ಫೋನು ಮಾಡುತ್ತಾರೆ, ತಪ್ಪು ಹೊರಗೆ ಬರುತ್ತದೆ. ಬೇರೆಯಾಗಿರುವುದನ್ನು ಒಂದೇ ಎಂದು ಬರೆದರೆ ಯಾರಿಗೂ ಏನೂ ಕಾಣುವುದಿಲ್ಲ. ಸಾಲು ನುಣ್ಣಗಿರುತ್ತದೆ, ಗ್ರಾಫು ಚೆಂದ ಬರುತ್ತದೆ, ಪ್ರಶ್ನೆಯೇ ಏಳುವುದಿಲ್ಲ. ನಮ್ಮ ಆಫೀಸಿನ ಲೆಕ್ಕದಲ್ಲಿ ಮೊದಲನೆಯದು ದೋಷ, ಎರಡನೆಯದು 'ಪೂರ್ಣಗೊಂಡಿದೆ'.

ನ್ಯಾಯವಾಗಿ ಹೇಳಬೇಕೆಂದರೆ ಪಟ್ಟಿ ಮಾಡಿದವರು ಇದನ್ನು ಯೋಚಿಸಿದ್ದಾರೆ. ವಿಷದ ದಾರಿಗೆ, ಸಿಲಿಕಾದ ದಾರಿಗೆ, ಬೆರೆಸಿದ್ದಕ್ಕೆ, ಖಾತ್ರಿಯ ಹಂತಕ್ಕೆ, ಅನುಪಾತಕ್ಕೆ ಎಲ್ಲಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ. ವಿಧಾನ ಹೇಳದೆ 'ಇದೆ-ಇಲ್ಲ' ಎಂದಷ್ಟೇ ಹೇಳುವ ಸಾಮಾನ್ಯ ಸಂಖ್ಯೆಯೂ ಇದೆ. ನನಗೆ ಕೆಲಸ ಕಲಿಸಿದವರು ಆ ಸಾಮಾನ್ಯ ಸಂಖ್ಯೆಯನ್ನು ಸೋಮಾರಿಗಳ ಸಂಖ್ಯೆ ಎನ್ನುತ್ತಿದ್ದರು. ಆದಷ್ಟು ನಿರ್ದಿಷ್ಟವಾದದ್ದನ್ನು ಹಾಕಬೇಕು, ಅದೇ ಒಳ್ಳೆಯ ಕೆಲಸ. ನಾನು 'ಎಲ್‌ಎ' ಎಂಬ ಸಾಲಿಗೆ ನಿರ್ದಿಷ್ಟ ಸಂಖ್ಯೆ ಹಾಕಿದ್ದು ಹಾಗೆ. ಗೊತ್ತಿಲ್ಲದ್ದನ್ನು ನಿಖರವಾಗಿ ಹೇಳಿದ್ದೆ. ಸುಳ್ಳು ಹೇಳಬೇಕೆಂಬ ಉದ್ದೇಶ ಇರಲಿಲ್ಲ ನಿಜ, ಆದರೆ ನಿಜ ಹೇಳಬೇಕೆಂಬ ಉದ್ದೇಶವೂ ಇರಲಿಲ್ಲ. ಸಾಲು ಮುಗಿಯಬೇಕಿತ್ತು.

ಹಾಗೆಂದು ಸಾಮಾನ್ಯ ಸಂಖ್ಯೆ ಹಾಕಿ ಕೈತೊಳೆದುಕೊಳ್ಳುವುದೂ ಸುಲಭದ ದಾರಿಯೇ. 'ಯಾವ ವಿಧಾನವೋ ಗೊತ್ತಿಲ್ಲ' ಎಂಬ ಪ್ರಾಮಾಣಿಕ ಮಾತು ನನ್ನ ಮನಸ್ಸಾಕ್ಷಿಗೆ ಒಳ್ಳೆಯದು, ನಮ್ಮ ಹುಡುಗಿಗೆ ಅದರಿಂದ ಏನು? ಅಲ್ಲದೆ ಅಂಥ ಎರಡು ಸಾಮಾನ್ಯ ಫಲಿತಾಂಶಗಳನ್ನು ಯಾವುದಾದರೂ ಆ್ಯಪ್ ಮತ್ತೆ ಒಂದೇ ತಲೆಬರಹದ ಕೆಳಗೆ ಪೋಣಿಸುತ್ತದೆ. ಅವಳಿಗೆ ಆಗಿದ್ದೂ ಬಹುಶಃ ಅದೇ. ಅವಳಿಗೆ ಬೇಕಿದ್ದದ್ದು ಗೊತ್ತಿಲ್ಲ ಎಂಬ ಉತ್ತರವಲ್ಲ, ಗೊತ್ತುಮಾಡಿಕೊಳ್ಳುವ ಒಬ್ಬ ಮನುಷ್ಯ. ಆ ಕೆಲಸಕ್ಕೆ ನನ್ನ ಶೀಟಿನಲ್ಲಿ ಅಂಕಣವಿಲ್ಲ.

ಅವಳ ಪುಣ್ಯಕ್ಕೆ ಹಿರಿಯ ಡಾಕ್ಟರೊಬ್ಬರು ಆ್ಯಪ್ ಬದಿಗಿಟ್ಟು ಕಾಗದ ಕೇಳಿದರು. ಸಣ್ಣಕ್ಷರ ಓದಿದರು. ಎರಡೂ ವಿಧಾನದಿಂದ ಮತ್ತೊಮ್ಮೆ ಮಾಡಿಸಿದರು. ಸಿಲಿಕಾದಲ್ಲಿ ಏನೂ ಇಲ್ಲ, ಹಾವಿನ ವಿಷದಲ್ಲಿ ಗೆರೆ ದಾಟಿತ್ತು. ಮುಂದಿನ ಬಸಿರಿಗೆ ಏನು ಮಾಡಬೇಕೆಂದು ಈಗ ಅವಳಿಗೆ ಗೊತ್ತಿದೆ. "ಹಾವು ಖರೇ ಹೇಳ್ತು ನೋಡಣ್ಣಾ" ಎಂದು ನಕ್ಕಳು. ನಾನು ನಗಲಾರದೆ ಚಹಾ ಮಾಡಲು ಎದ್ದೆ.

ಮರುದಿನ ಹಳೆಯ ಶೀಟು ತೆಗೆದು ಆ ಎರಡು ಸಾಲು ಹುಡುಕಿದೆ, ಲ್ಯಾಬುಗಳಿಗೆ ಫೋನು ಮಾಡಿದೆ. 'ಲೂಪಸ್' ಎಂದು ಬರೆದಿದ್ದವರು, ವೈಪರ್ ವೆನಮ್ ಕಿಟ್ಟೇ ಸಾರ್, ಹೆಸರು ಮೊದಲಿನಿಂದ ಹಾಗೇ ಇದೆ ಎಂದರು. ಅಲ್ಲಿ ನನ್ನ ಊಹೆ ಸರಿಯಾಗಿತ್ತು, ಅದರಲ್ಲಿ ನನ್ನ ಪುಣ್ಯವೇನೂ ಇಲ್ಲ. 'ಎಲ್‌ಎ' ಎಂದು ಬರೆದಿದ್ದ ಬೆಳಗಾವಿ ಕಡೆಯ ಲ್ಯಾಬಿನ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಇಲ್ಲಿ ಮಾಡಂಗಿಲ್ರೀ ಸರ. ಹೊರಗ ಕಳಸ್ತೀವಿ. ಒಂದೊಂದ್ ಸಲ ಒಂದೊಂದ್ ಕಡೆ" ಎಂದ. ಆ ಸಾಲಿನಿಂದ ನಿರ್ದಿಷ್ಟ ಸಂಖ್ಯೆ ತೆಗೆದು ಸಾಮಾನ್ಯ ಸಂಖ್ಯೆ ಹಾಕಿದೆ. ಪಕ್ಕದ ಟಿಪ್ಪಣಿಯ ಖಾನೆಯಲ್ಲಿ, ಪ್ರತಿ ರಿಪೋರ್ಟಿನ ವಿಧಾನ ಕೇಳಿ ಬರೆದುಕೊಳ್ಳಬೇಕು ಎಂದು ಸೇರಿಸಿದೆ. ಆ ಖಾನೆಯನ್ನು ಓದುವವರು ಯಾರು ಎಂದು ಮ್ಯಾನೇಜರ್ ಕೇಳಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ.